ಮಹಾಕೂಟದ ಕಂಬ, ಅಜ್ಜನ ಪಟ್ಟಿ

ಹುನಗುಂದದಲ್ಲಿ ಒಂದು ಕಾಲೇಜಿದೆ. ಅದರ ಪೂರ್ತಿ ಹೆಸರು ವಿ.ಎಂ.ಎಸ್.ಆರ್. ವಸ್ತ್ರದ ಕಲಾ, ವಿಜ್ಞಾನ ಹಾಗೂ ವಿ.ಎಸ್. ಬೆಳ್ಳಿಹಾಳ ವಾಣಿಜ್ಯ ಮಹಾವಿದ್ಯಾಲಯ. ಗುಳೇದಗುಡ್ಡದ ಕಾಲೇಜಿನಲ್ಲಿ ಕಲೆ, ವಾಣಿಜ್ಯ, ವಿಜ್ಞಾನಗಳಿಗೆ ಭಂಡಾರಿ, ರಾಠಿ ಮನೆತನದವರ ಹೆಸರುಗಳು ಹಂಚಿಕೆಯಾಗಿವೆ. ಊರವರು ಅದನ್ನು ಭಂಡಾರಿ ರಾಠಿ ಕಾಲೇಜು ಅಂತಲೇ ಕರೆಯುತ್ತಾರೆ. ಬಾದಾಮಿಗೆ ಬಂದರೆ ಎಸ್.ಬಿ. ಮಮದಾಪುರ ಅವರ ಹೆಸರಿನ ಕಾಲೇಜು. ನಮ್ಮ ಭಾಗದಲ್ಲಿ ಬಸ್ಸಿನ ಕಿಟಕಿಗೆ ಕೂತು ಕಾಲೇಜುಗಳ ಬೋರ್ಡು ಓದುತ್ತ ಹೋದರೆ ಕೈಬಿಚ್ಚಿ ಕೊಟ್ಟವರ ಒಂದು ಚರಿತ್ರೆಯೇ ಕಣ್ಣೆದುರು ಸರಿದುಹೋಗುತ್ತದೆ. ಆದರೆ ಬಾಯಿಮಾತಿಗೆ ಬರುವಷ್ಟರಲ್ಲಿ ಆ ಹೆಸರುಗಳು ಬರೀ ಇನಿಷಿಯಲ್ ಆಗಿ ಉಳಿಯುತ್ತವೆ. ಇಂಥ ಯಾವುದೇ ಕಾಲೇಜಿನಲ್ಲಿ ಮೂರು ವರ್ಷ ಓದಿ ಪದವಿ ತಗೊಂಡವರನ್ನು ನಿಲ್ಲಿಸಿ, ಆ ಅಕ್ಷರಗಳ ಹಿಂದೆ ಇರುವವರು ಯಾರು, ಏನು ಕೊಟ್ಟಿದ್ದರು, ಯಾಕೆ ಕೊಟ್ಟಿದ್ದರು ಎಂದು ಕೇಳಿದರೆ ಬಹಳ ಸಲ ಉತ್ತರ ಸಿಗುವುದಿಲ್ಲ. ನಾನೂ ಹಾಗೆಯೇ ಓದಿ ಹೊರಬಿದ್ದವನು. ಇನಿಷಿಯಲ್ ಬಿಡಿಸಿ ನೋಡಬೇಕು ಅನ್ನುವ ಬುದ್ಧಿ ನನಗೆ ಬಂದದ್ದು ತಲೆಗೂದಲು ನೆರೆತ ಮೇಲೆ.

ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ, ಅಮೆರಿಕದಲ್ಲಂತೂ, ದಾನಿಗಳನ್ನು ಗುರುತಿಸಲು ‘ಗಿವಿಂಗ್ ಸೊಸೈಟಿ’ ಎಂಬ ಏರ್ಪಾಡು ಇದೆ. ದಾನಿಗಳ ಬಳಗ ಅನ್ನೋಣ. ವರ್ಷಕ್ಕೆ ಇಂತಿಷ್ಟು ಕೊಟ್ಟವರು ಒಂದು ಬಳಗ, ಅದರ ಹತ್ತು ಪಟ್ಟು ಕೊಟ್ಟವರು ಇನ್ನೊಂದು. ಬಳಗಕ್ಕೆ ಸ್ಥಾಪಕರದೋ ಮೊದಲ ಕಟ್ಟಡದ್ದೋ ಹೆಸರು. ಸದಸ್ಯರ ಹೆಸರು ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ, ವರ್ಷಕ್ಕೊಮ್ಮೆ ಕುಲಪತಿಗಳ ಜೊತೆ ಊಟ ಇರುತ್ತದೆ. ನಮಗೂ ಇದು ಹೊಸದಲ್ಲ. ಇಲ್ಲಿನ ಯಾವ ಸಂಘದ ನಿಯಮಾವಳಿ ತೆರೆದರೂ ಮಹಾಪೋಷಕ, ಪೋಷಕ, ಆಜೀವ ಸದಸ್ಯ ಎಂಬ ಮೆಟ್ಟಿಲುಗಳು ಕಾಣುತ್ತವೆ. ಈಗ ನಮ್ಮ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳ ಸಂಘಗಳೂ ಇದೇ ದಾರಿಯಲ್ಲಿ ಯೋಚಿಸುತ್ತಿವೆ. ಯೋಚಿಸಬೇಕಾದ್ದೇ. ಆದರೆ ಮೆಟ್ಟಿಲು ಕಟ್ಟುವ ಮುಂಚೆ ಈ ಮಣ್ಣಿನಲ್ಲಿ ಕೊಟ್ಟವರನ್ನು ಹೇಗೆ ನೆನೆಯುತ್ತಿದ್ದರು ಎಂದು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ಮಲಪ್ರಭೆಯ ದಂಡೆಯಷ್ಟು ಈ ವಿಷಯದಲ್ಲಿ ಶ್ರೀಮಂತವಾದ ಜಾಗ ಬೇರೆ ಕಡೆ ಸಿಗುವುದು ಕಷ್ಟ.

ಬಾದಾಮಿಯ ಮೂರನೆಯ ಗುಹೆಯಿಂದ ಶುರು ಮಾಡೋಣ. ಕ್ರಿ.ಶ. 578ರಲ್ಲಿ, ಅಂದರೆ ಶಕ ವರ್ಷ 500ರಲ್ಲಿ, ಚಾಲುಕ್ಯ ಮಂಗಲೇಶ ಈ ವಿಷ್ಣು ಗುಹೆಯನ್ನು ಕಡೆಸಿ ಮುಗಿಸಿ, ಅದಕ್ಕೊಂದು ಊರನ್ನು ದತ್ತಿ ಬಿಟ್ಟ. ಆಗ ಅಣ್ಣ ಕೀರ್ತಿವರ್ಮ ಪಟ್ಟದಲ್ಲಿದ್ದ. ಸಂಸ್ಕೃತ ಶಾಸನದಲ್ಲಿ ಮಂಗಲೇಶ ಬರೆಸಿರುವುದನ್ನು ಗಮನಿಸಿ: ಈ ದಾನದ ಪುಣ್ಯವೆಲ್ಲ ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ನನಗಿರಲಿ. ಮಾಡಿಸಿದವನು ತಾನು, ಹೆಸರು ಕಲ್ಲಿನ ಮೇಲಿದೆ, ಪುಣ್ಯ ಮಾತ್ರ ಬೇರೆಯವರ ಲೆಕ್ಕಕ್ಕೆ. ಇವತ್ತು ಕಾಲೇಜಿನ ಕೋಣೆಗಳ ಬಾಗಿಲ ಮೇಲೆ ‘ತಂದೆಯವರ ಸ್ಮರಣಾರ್ಥ’, ‘ತಾಯಿಯವರ ಪುಣ್ಯಾರ್ಥ’ ಎಂದು ಬರೆಸುವವರು ಗೊತ್ತಿಲ್ಲದೆಯೇ ಮಂಗಲೇಶನ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ.

ಅದೇ ಗುಹೆಯ ಹತ್ತಿರ ಕನ್ನಡದಲ್ಲಿ ಒಂದು ಪುಟ್ಟ ಶಾಸನವಿದೆ. ಪ್ರವಾಸಿಗರು ಅದನ್ನು ದಾಟಿ ಹೋಗಿಬಿಡುತ್ತಾರೆ. ಗುಹೆಯನ್ನು ಅಲ್ಲಿ ‘ಕಲ್ಮನೆ’ ಎಂದು ಕರೆಯಲಾಗಿದೆ. ಲಂಜಿಗೇಸರ ಎಂಬ ಊರನ್ನು ಈ ಕಲ್ಮನೆಗೆ ಕೊಟ್ಟದ್ದು, ಅದರಲ್ಲಿ ಹೂಮಾಲೆ ಕಟ್ಟುವವರಿಗೂ ಪಾಲಿರುವುದು ಅಲ್ಲಿ ದಾಖಲಾಗಿದೆ. ಆ ಊರು ಮಹಾಕೂಟದ ಹತ್ತಿರದ ಇವತ್ತಿನ ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅರಸು ಮನೆತನದವನ ದತ್ತಿಯ ಶಾಸನದಲ್ಲಿ ಹೂಕಟ್ಟುವವರು ಬರುತ್ತಾರೆ ಎಂಬುದೇ ನನಗೆ ದೊಡ್ಡದು. ಶಾಸನದ ಕೊನೆಗೆ ಒಂದು ಶಾಪವೂ ಇದೆ: ಈ ದತ್ತಿಯನ್ನು ಅಳಿಸಿದವನು ಪಂಚಮಹಾಪಾತಕಿಯಾಗುತ್ತಾನೆ, ಏಳನೆಯ ನರಕದ ಹುಳುವಾಗುತ್ತಾನೆ. ಕೊಟ್ಟವನನ್ನು ಹೊಗಳಲು ಅಲ್ಲಿ ಹೆಚ್ಚು ಮಾತು ಖರ್ಚಾಗಿಲ್ಲ. ಕೊಟ್ಟದ್ದನ್ನು ಕಾಯಲು ಆಗಿದೆ. ದಾನ ಮಾಡುವುದಕ್ಕಿಂತ ಹಿಂದಿನವರು ಮಾಡಿದ ದಾನವನ್ನು ಕಾಪಾಡುವುದು ಮಿಗಿಲು ಎಂಬ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದೂ ಇದೇ ಕಾರಣಕ್ಕೆ. ದಾನಿಯನ್ನು ಗೌರವಿಸುವುದೆಂದರೆ ಅವನ ದತ್ತಿ ಹಾಳಾಗದಂತೆ ನೋಡಿಕೊಳ್ಳುವುದು ಎಂದು ಆ ಕಾಲದವರು ತಿಳಿದಿದ್ದರು.

ಮಹಾಕೂಟಕ್ಕೆ ಹೋದಾಗ ದೇವಸ್ಥಾನದ ಮುಖಮಂಟಪದ ಕಂಬದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆ ಇಲ್ಲಿ ಹಿರಣ್ಯಗರ್ಭ ದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜೊತೆಗೆ ಭೂಮಿಯನ್ನೂ ಕೊಟ್ಟ ಸಂಗತಿ ಅಲ್ಲಿದೆ. ಆಕೆ ಯಾರ ಮಗಳು ಎಂದು ಹೇಳುವಾಗ ಶಾಸನ ತಂದೆಯ ಹೆಸರಿಗೆ ಹೋಗುವುದಿಲ್ಲ. ರೇವಮಂಚಳು, ಆಕೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ. ಅಜ್ಜಿ, ತಾಯಿ, ಮಗಳು. ಮಾಣಿಕ್ಯದ ಪೀಠ ಎಲ್ಲಿಗೆ ಹೋಯಿತೋ, ಬೆಳ್ಳಿಯ ಕೊಡೆ ಯಾವಾಗ ಕರಗಿತೋ. ಮೂರು ತಲೆಮಾರಿನ ಹೆಂಗಸರ ಹೆಸರುಗಳು ಮಾತ್ರ ಸುಮಾರು 1,300 ವರ್ಷಗಳಿಂದ ಬಿಸಿಲು ಮಳೆಗೆ ಜಗ್ಗದೆ ನಿಂತಿವೆ. ದಾನಿಗಳ ಫಲಕದಲ್ಲಿ ಗಂಡನ ಹೆಸರಿನ ಪಕ್ಕ ‘ಮತ್ತು ಕುಟುಂಬದವರು’ ಎಂದು ಬರೆದು ಕೈತೊಳೆದುಕೊಳ್ಳುವ ನಮ್ಮ ಕಾಲದವರು ಈ ಕಂಬದಿಂದ ಕಲಿಯುವುದಿದೆ.

ಇವೆಲ್ಲ ದೇವಸ್ಥಾನದ ಮಾತಾಯಿತು, ವಿದ್ಯೆಗೆ ಕೊಟ್ಟವರು ಎಲ್ಲಿ ಎಂದು ಕೇಳಬಹುದು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಾವೆಲ್ಲ ವಿಜಾಪುರ ಜಿಲ್ಲೆಯವರೇ. ಆ ಹಳೆಯ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಎಂಬವನು ಅಲ್ಲೊಂದು ವಿದ್ಯಾಶಾಲೆ ಕಟ್ಟಿಸಿದ. ದೂರದ ದೇಶಗಳಿಂದ ಅಲ್ಲಿಗೆ ವಿದ್ಯಾರ್ಥಿಗಳು ಬಂದು ಇರುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಅದೊಂದು ವಸತಿ ವಿಶ್ವವಿದ್ಯಾಲಯ.

ಅದರ ಶಾಸನ ಓದಿದರೆ ಒಂದು ವಿಶ್ವವಿದ್ಯಾಲಯದ ಬಜೆಟ್ ಓದಿದಂತೆ ಅನ್ನಿಸುತ್ತದೆ. ಪಾಠ ಹೇಳುವ ಗುರುವಿಗೆ 50 ನಿವರ್ತನ (ಆ ಕಾಲದ ಹೊಲದ ಅಳತೆ) ಭೂಮಿ. ದೀಪಕ್ಕೆ 12 ನಿವರ್ತನ. ದೀಪದ ಎಣ್ಣೆಗೆಂದೇ ಬೇರೆ ಹೊಲ! ಕತ್ತಲಾದ ಮೇಲೂ ಹುಡುಗರು ಓದಬೇಕಾಗುತ್ತದೆ ಎಂದು ಯೋಚಿಸಿ ಯಾರೋ ಒಬ್ಬರು ಈ ಲೆಕ್ಕ ಹಾಕಿದ್ದರು. ನನಗೆ ಅದಕ್ಕಿಂತಲೂ ಮುಖ್ಯ ಅನ್ನಿಸುವುದು ಊರವರ ಪಾಲು. ಮಂತ್ರಿ ಕಟ್ಟಿಸಿದ, ಇನ್ನು ನಮಗೇನು ಎಂದು ಊರು ಸುಮ್ಮನೆ ಕೂರಲಿಲ್ಲ. ಅಲ್ಲಿನ ಬ್ರಾಹ್ಮಣ ಮನೆಗಳಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಎಂದು ಗೊತ್ತುಮಾಡಿಕೊಂಡರು. ಮನೆಯಲ್ಲಿ ಶುಭಕಾರ್ಯ ನಡೆದಾಗಲೆಲ್ಲ ಶಾಲೆಗೊಂದು ಪಾಲು. ಆ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು, ಮರೆತು ಹೊಗಳಲೂಬಾರದು. ಆದರೆ ವರ್ಷವರ್ಷವೂ ಹರಿದುಬರುವ ಚಿಕ್ಕ ಹಣವೇ ಸಂಸ್ಥೆಯ ಉಸಿರು ಎಂಬ ತಿಳಿವಳಿಕೆ ಅವರಿಗೆ ಇತ್ತು. ಅಮೆರಿಕದವರು ‘ಆನ್ಯುಯಲ್ ಗಿವಿಂಗ್’ ಎಂದು ಕರೆಯುವುದು ಇದನ್ನೇ. ಕಾಲಾಂತರದಲ್ಲಿ ಆ ಶಾಲೆಯ ಕಟ್ಟಡ ಹಾಳಾದಾಗ 11ನೇ ಶತಮಾನದಲ್ಲಿ ಅದನ್ನು ಮತ್ತೆ ಕಟ್ಟಿಸಿದವನ ಸಂಗತಿಯೂ ಶಾಸನಕ್ಕೆ ಸೇರಿಕೊಂಡಿತು. ಕಟ್ಟಿದವನ ಹೆಸರು ಅಳಿಸಿ ರಿಪೇರಿ ಮಾಡಿದವನ ಹೆಸರು ಬರೆಯಲಿಲ್ಲ. ಎರಡೂ ಉಳಿದವು.

ಇಷ್ಟು ಹೇಳಿ ಮುಗಿಸುವಂತಿಲ್ಲ. ಹುನಗುಂದ ತಾಲೂಕಿನಲ್ಲಿಯೇ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಬಸವಣ್ಣ ವಿದ್ಯೆ ಕಲಿತ. ಮುಂದೆ ಶರಣರು ದಾನ ಎಂಬ ಮಾತನ್ನೇ ಅನುಮಾನದಿಂದ ನೋಡಿದರು. ದಾನದಲ್ಲಿ ಕೊಡುವವನ ಕೈ ಮೇಲೆ, ಇಸಿದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ‘ನಾನು ಕೊಟ್ಟೆ’ ಎಂಬ ಭಾವ ಬಂದಲ್ಲಿಗೆ ಮಾಡಿದ್ದೆಲ್ಲ ಕೆಟ್ಟಿತು ಎಂಬುದು ಅವರ ನಿಲುವು. ಹೀಗೆ ನಮ್ಮ ಜಿಲ್ಲೆಯಲ್ಲಿ ಎರಡು ದಾರಿಗಳಿವೆ. ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿ ಸೂರ್ಯಚಂದ್ರರಿರುವ ತನಕ ಇರಲಿ ಎನ್ನುವ ಬಾದಾಮಿಯ ದಾರಿ. ಕೊಟ್ಟದ್ದನ್ನು ಎಣಿಸಲೇಬೇಡ ಎನ್ನುವ ಸಂಗಮದ ದಾರಿ. ಈ ಎರಡನೆಯ ದಾರಿಯಲ್ಲಿ ನಡೆದ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ದುಡ್ಡು ಬೇಡಲಿಲ್ಲ, ನಿಮ್ಮ ಕುಡಿತ, ನಿಮ್ಮ ತಂಬಾಕು ಹಾಕಿ ಎಂದು ಬೇಡಿದರು. ಆ ಜೋಳಿಗೆಗೆ ಹಾಕಿದವರ ಹೆಸರನ್ನು ಯಾವ ಫಲಕದ ಮೇಲೆ ಬರೆಯೋಣ? ಶಿವಯೋಗಿಗಳ ಹುಟ್ಟುದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನೆನಪಿಗೆ ಕಲ್ಲೇ ಬೇಕೆಂದಿಲ್ಲ, ಒಂದು ದಿನವೂ ಆದೀತು.

ಈ ಎರಡು ದಾರಿಗಳ ನಡುವೆ ಜಗಳವಿದೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಮರೆಯಬೇಕಾದವನು ಕೊಟ್ಟವನು. ಪಡೆದವನಿಗೆ ಆ ರಿಯಾಯಿತಿ ಇಲ್ಲ. ದಾಸೋಹದ ಮಾತನ್ನು ಕೊಡುವವರು ತಮಗೆ ತಾವು ಹೇಳಿಕೊಂಡರೆ ಅದು ವಿನಯ, ಇಸಿದುಕೊಂಡ ಸಂಸ್ಥೆ ಅದನ್ನೇ ನೆಪ ಮಾಡಿಕೊಂಡು ದಾನಿಯ ಹೆಸರು ಕೈಬಿಟ್ಟರೆ ಅದು ಕೃತಘ್ನತೆ.

ನಮ್ಮ ಭಾಗದಲ್ಲಿ ವಿದ್ಯಾಸಂಸ್ಥೆಗಳು ಎದ್ದ ಕಾಲವನ್ನು ನೋಡಿ. 1906ರಲ್ಲಿ ಬೀಳೂರು ಗುರುಬಸವ ಸ್ವಾಮಿಗಳ ಪ್ರೇರಣೆಯಿಂದ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿತು. ಅದೇ 1906ರಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತೀರಿಕೊಂಡರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋದರು. 1910ರಲ್ಲಿ ವಕೀಲ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ. ಅದನ್ನು ಕಟ್ಟಿದವರು ಏಳು ಜನ ಶಿಕ್ಷಕರು. ಸಪ್ತರ್ಷಿಗಳು ಎಂದು ಜನ ಈಗಲೂ ಅವರನ್ನು ನೆನೆಯುತ್ತಾರೆ. ದುಡ್ಡು ಕೊಟ್ಟ ಅರಟಾಳ ರುದ್ರಗೌಡರ ಹೆಸರೂ, ದುಡ್ಡಿಲ್ಲದೆ ಆಯುಷ್ಯ ಕೊಟ್ಟ ಶಿಕ್ಷಕರ ಹೆಸರೂ ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಲಿಂಗರಾಜರ ಹೆಸರಿನ ಕಾಲೇಜು ಬೆಳಗಾವಿಯಲ್ಲಿ ಶುರುವಾದದ್ದು 1933ರಲ್ಲಿ, ಅವರು ತೀರಿಕೊಂಡು 27 ವರ್ಷವಾದ ಮೇಲೆ. ಹಳಕಟ್ಟಿಯವರಂತೂ ಮುದ್ರಣಾಲಯಕ್ಕಾಗಿ ಮನೆ ಮಾರಿಕೊಂಡವರು. ವಿಜಾಪುರದ, ಅಂದರೆ ಇಂದಿನ ವಿಜಯಪುರದ, ಎಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರು ಬಂದದ್ದು ಅವರು ದುಡ್ಡು ಕೊಟ್ಟರು ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕತೆ ಇನ್ನೂ ಚೆಂದ. ಅದಕ್ಕೆ ಹಣ ಕೊಟ್ಟ ಜಮ್‌ಷೆಡ್‌ಜಿ ಟಾಟಾ ಅವರು ತಮ್ಮ ಹೆಸರು ಬೇಡವೆಂದರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು, 1909ರಲ್ಲಿ ಸಂಸ್ಥೆ ಆರಂಭವಾಯಿತು. ಅಧಿಕೃತ ಹೆಸರಿನಲ್ಲಿ ಟಾಟಾ ಇಲ್ಲ. ಆದರೂ ಬೆಂಗಳೂರಿನ ಹಳಬರ ಬಾಯಲ್ಲಿ ಇವತ್ತಿಗೂ ಅದು ‘ಟಾಟಾ ಇನ್‌ಸ್ಟಿಟ್ಯೂಟ್’. ಬೇಡವೆಂದವರಿಗೆ ಜನರೇ ಹೆಸರು ಕೊಟ್ಟರು.

ದೊಡ್ಡವರ ಹೆಸರು ಹೇಗೋ ಉಳಿಯುತ್ತದೆ. ನನ್ನ ಚಿಂತೆ ಬೇರೆಯವರದು. ಹುನಗುಂದ ತಾಲೂಕಿನ ಐಹೊಳೆ ಒಂದು ಕಾಲಕ್ಕೆ ‘ಐಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ತವರು. ತಮಿಳುನಾಡು, ಶ್ರೀಲಂಕಾ, ಸುಮಾತ್ರಾದವರೆಗೂ ಆ ಸಂಘದ ಹೆಸರಿನ ಶಾಸನಗಳು ಸಿಕ್ಕಿವೆ. ಅವರ ದಾನದ ರೀತಿ ಹೀಗಿತ್ತು: ಸಂತೆಗೆ ಬರುವ ಸರಕಿನ ಮೇಲೆ ಹೇರಿಗಿಷ್ಟು ಎಂದು ಆಯ ಗೊತ್ತುಮಾಡಿ, ಅದನ್ನು ದೇವಸ್ಥಾನಕ್ಕೋ ಕೆರೆಗೋ ಬಿಡುವುದು. ಸಾವಿರ ವರ್ಷದ ನಂತರವೂ ನಮ್ಮ ಅಡತಿ ಅಂಗಡಿಗಳಲ್ಲಿ ಅದೇ ರೂಢಿ ‘ಧರ್ಮಾದಾಯ’ ಎಂಬ ಹೆಸರಿನಲ್ಲಿ ಉಳಿದಿತ್ತು. ರೈತ ಹತ್ತಿಯನ್ನೋ ಶೇಂಗಾವನ್ನೋ ಮಾರಿದಾಗ ಅವನ ಪಟ್ಟಿಯಲ್ಲಿ ಹಮಾಲಿ, ತೂಕ, ದಲಾಲಿ, ಅದರ ಕೆಳಗೆ ಧರ್ಮಾದಾಯ. ಮಠಗಳ ಉಚಿತ ಪ್ರಸಾದನಿಲಯಗಳಿಗೆ, ಶಾಲೆಗಳಿಗೆ ಹೀಗೆ ಹಿಡಿದ ಹಣ ಹರಿಯಿತು. ಚೀಲ ತಂದವನು ರೈತ, ಹಿಡಿದವನು ವ್ಯಾಪಾರಿ, ಕಲ್ಲಿನ ಮೇಲೆ ಬಂದದ್ದು ವ್ಯಾಪಾರಿಯ ಹೆಸರು. ವ್ಯಾಪಾರಿಗಳು ತಮ್ಮ ಕೈಯಿಂದಲೂ ಧಾರಾಳ ಕೊಟ್ಟರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಚೀಲಗಳ ರೈತರೂ ದಾನಿಗಳೇ. ಅವರನ್ನು ಸೇರಿಸಿಕೊಳ್ಳುವ ಬಳಗ ಯಾವುದು?

ಇಷ್ಟೆಲ್ಲ ಇದ್ದೂ ಇವತ್ತು ಕಾಲೇಜಿಗೆ ಕೊಡಿ ಎಂದರೆ ಜನ ಯಾಕೆ ಹಿಂಜರಿಯುತ್ತಾರೆ? ನನಗೆ ಕಾಣುವ ಒಂದು ಕಾರಣ ಒಂದು ಶಬ್ದ ಕೆಟ್ಟುಹೋದದ್ದು. ‘ಡೊನೇಷನ್’ ಎಂದರೆ ನಮ್ಮ ಕನ್ನಡದಲ್ಲಿ ದಾನ ಅಲ್ಲ. ಸೀಟಿಗಾಗಿ, ರಸೀದಿಯಿಲ್ಲದೆ, ಹೊಲ ಮಾರಿಯೋ ಸಾಲ ಮಾಡಿಯೋ ಕಟ್ಟುವ ಹಣ. 1984ರಲ್ಲಿ ಕರ್ನಾಟಕ ಇದನ್ನು ನಿಷೇಧಿಸಿ ಕಾಯ್ದೆ ತಂದಿತು. 1992ರಲ್ಲಿ ಕರ್ನಾಟಕದ್ದೇ ಆದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಇಂಥ ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಕಾನೂನು ಬಂತು, ಶಬ್ದಕ್ಕೆ ಹತ್ತಿದ ಮಸಿ ಹೋಗಲಿಲ್ಲ. ಮಗನ ಸೀಟಿಗೆ ಡೊನೇಷನ್ ಕಟ್ಟಿದ ಅಪ್ಪನಿಗೆ ಹತ್ತು ವರ್ಷದ ನಂತರ ಅದೇ ಮಗನ ಮೂಲಕ ಅದೇ ಶಬ್ದ ಬರೆದ ಮನವಿ ಪತ್ರ ಕಳಿಸಿದರೆ ಅವನೇನು ಹೇಳಬೇಕು? ನನಗೊಬ್ಬರು ಹೇಳಿದ್ದು ಇಷ್ಟೇ: “ಕೊಡೂದು ಕೊಟ್ಟ ಬಿಟ್ಟೇವ್ರಿ, ಇನ್ನೇನ್ ಕೊಡೂದೈತಿ?” ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಯಾವ ಸಂಸ್ಥೆಯಾದರೂ ದಾನಿಗಳ ಬಳಗ ಕಟ್ಟುವ ಮುಂಚೆ ಪ್ರವೇಶದ ಬಾಗಿಲಿಗೂ ದಾನದ ಪೆಟ್ಟಿಗೆಗೂ ಯಾವ ಸಂಬಂಧವೂ ಇಲ್ಲವೆಂದು ಬರೆದು, ಹಾಗೆ ನಡೆದೂ ತೋರಿಸಬೇಕು. ಕೊಟ್ಟವರ ಮೊಮ್ಮಗನಿಗೆ ಸೀಟು, ಅಳಿಯನಿಗೆ ನೌಕರಿ ಎಂದಾದರೆ ಅದು ದಾನವಲ್ಲ, ವ್ಯವಹಾರ. ಶಬ್ದವನ್ನೂ ಬದಲಿಸಬಹುದು. ‘ದತ್ತಿ’ ಎಂಬ ಶುದ್ಧವಾದ ಶಬ್ದ ನಮ್ಮಲ್ಲಿ ಇದ್ದೇ ಇದೆ.

ಹೆಸರಿನ ಜೊತೆ ಇನ್ನೊಂದು ತೊಡಕಿದೆ. 1718ರಲ್ಲಿ ಎಲಿಹು ಯೇಲ್ ಎಂಬವನು ಅಮೆರಿಕದ ಒಂದು ಪುಟ್ಟ ಕಾಲೇಜಿಗೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆ ಜಾರ್ಜನ ಒಂದು ಚಿತ್ರ ಕಳಿಸಿದ. ಸರಕು ಮಾರಿ ಬಂದದ್ದು 562 ಪೌಂಡು. ಕಾಲೇಜಿಗೆ ಅವನ ಹೆಸರೇ ಬಂತು, ಅದೇ ಇವತ್ತಿನ ಯೇಲ್ ವಿಶ್ವವಿದ್ಯಾಲಯ. ಅವನು ಆಸ್ತಿ ಗಳಿಸಿದ್ದು ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರನಾಗಿ. ಅಧಿಕಾರ ಬಳಸಿ ಸ್ವಂತ ವ್ಯಾಪಾರ ಮಾಡಿದ ಆರೋಪದ ಮೇಲೆ ಹುದ್ದೆ ಕಳೆದುಕೊಂಡವನು. ಅವನ ಆಡಳಿತದಲ್ಲಿ ಮದರಾಸಿನಿಂದ ಗುಲಾಮರ ಸಾಗಾಟವೂ ನಡೆದಿತ್ತು. ಗುಲಾಮಗಿರಿಯೊಂದಿಗಿನ ತನ್ನ ಚರಿತ್ರೆಯ ನಂಟಿಗಾಗಿ ಆ ವಿಶ್ವವಿದ್ಯಾಲಯ 2024ರಲ್ಲಿ ಕ್ಷಮೆ ಕೇಳಿತು. ಹೆಸರು ಕೊಡುವ ಮುಂಚೆ ಹಣ ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ಸಂಸ್ಥೆಗಿರಬೇಕು. ನಮ್ಮಲ್ಲಿ ಮನೆಯ ಹಿರಿಯರು ಮಠಕ್ಕೆ ಜೋಳ ಕಳಿಸುವಾಗಲೂ ನಮ್ಮ ಕಣದ್ದೇ ಇರಲಿ ಅನ್ನುತ್ತಿದ್ದರು.

ಹಾಗಾದರೆ ಹೊರದೇಶದ ಬಳಗಗಳಿಂದ ತೆಗೆದುಕೊಳ್ಳುವುದು ಏನೂ ಇಲ್ಲವೇ? ಇದೆ. ಅಲ್ಲಿ ಹಣದ ಮೊತ್ತ ನೋಡಿ ಸೇರಿಸುವ ಬಳಗಗಳ ಜೊತೆ ಇನ್ನೆರಡು ಬಗೆಯವು ಇರುತ್ತವೆ. ಮೃತ್ಯುಪತ್ರದಲ್ಲಿ ಸಂಸ್ಥೆಗೆ ಪಾಲು ಬರೆದಿಟ್ಟವರದು ಒಂದು. ನಮ್ಮ ಶಿರಸಂಗಿ ಲಿಂಗರಾಜರು ಅದರ ಮೊದಲ ಸದಸ್ಯರು ಎನ್ನಬಹುದು. ಇನ್ನೊಂದು, ನನಗೆ ತುಂಬ ಹಿಡಿಸಿದ್ದು, ಎಷ್ಟು ಕೊಟ್ಟರು ಎನ್ನದೆ ಎಷ್ಟು ವರ್ಷ ತಪ್ಪದೆ ಕೊಟ್ಟರು ಎಂದು ಎಣಿಸುವ ಬಳಗ. ಇಪ್ಪತ್ತು ವರ್ಷ ಬಿಡದೆ ಚಿಕ್ಕ ಮೊತ್ತ ಕಳಿಸಿದವರಿಗೆ ಅಲ್ಲಿ ಎತ್ತರದ ಜಾಗ. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತು ಟೋಪ ತೆನೆ ಸೆರಗಿನ ಸೀರೆ ನೇಯುವವರು ವರ್ಷಕ್ಕೆ 100 ರೂಪಾಯಿ ಕೊಟ್ಟರೂ ಈ ಲೆಕ್ಕದಲ್ಲಿ ದೊಡ್ಡವರು. ಸಾಲೋಟಗಿಯವರು ಮದುವೆ ಮುಂಜಿಗೆ ಗೊತ್ತುಮಾಡಿಕೊಂಡದ್ದೂ ಇಂಥದೇ ಪದ್ಧತಿ. ನಮ್ಮ ಮದುವೆಗಳಲ್ಲಿ ಆಯೇರಿ ಬರೆಯುವ ಪುಸ್ತಕ ಇದ್ದೇ ಇರುತ್ತದೆ, ಮೈಕಿನಲ್ಲಿ ಹೆಸರು ಕೂಗುವುದೂ ಇದೆ. ಆ ಪುಸ್ತಕದಲ್ಲಿ ‘ಓದಿದ ಶಾಲೆಗೆ’ ಎಂದು ಒಂದು ಸಾಲು ಸೇರಿಸುವುದು ಕಷ್ಟವೇನಲ್ಲ.

ದತ್ತಿ ಇಟ್ಟವರನ್ನು ನೆನೆಯುವಾಗ ದತ್ತಿಯ ಆರೋಗ್ಯವನ್ನೂ ನೋಡಬೇಕು. ವಿಶ್ವವಿದ್ಯಾಲಯಗಳ ಘಟಿಕೋತ್ಸವದಲ್ಲಿ ಚಿನ್ನದ ಪದಕಗಳ ಪಟ್ಟಿ ಓದುತ್ತಾರಲ್ಲ, ಅದರ ಹಿಂದೆ ಯಾರೋ ಇಟ್ಟ ಇಡುಗಂಟಿದೆ. ದಶಕಗಳ ಹಿಂದೆ 5,000 ರೂಪಾಯಿ ಇಟ್ಟವರು ಆ ಕಾಲಕ್ಕೆ ದೊಡ್ಡ ಮನಸ್ಸು ಮಾಡಿದ್ದರು. ನೂರಕ್ಕೆ 6ರಂತೆ ಇವತ್ತು ಬರುವ ಬಡ್ಡಿ ವರ್ಷಕ್ಕೆ 300 ರೂಪಾಯಿ. ಅದರಲ್ಲಿ ಚಿನ್ನವೆಲ್ಲಿ ಬರುತ್ತದೆ? ಇಂಥ ದತ್ತಿಗಳನ್ನು ಸದ್ದಿಲ್ಲದೆ ಮುಚ್ಚುವ ಬದಲು ಸಂಸ್ಥೆ ದಾನಿಯ ಮನೆಯವರಿಗೆ ಕಾಗದ ಬರೆಯಲಿ, ಹಳೆಯ ವಿದ್ಯಾರ್ಥಿಗಳನ್ನು ಕೇಳಲಿ, ಹೆಸರು ಬಿಡದೆ ಮೊತ್ತ ಬೆಳೆಸಲಿ. ಬಾದಾಮಿಯ ಶಾಸನ ಹೇಳಿದ ಕಾಯುವ ಕೆಲಸ ಅಂದರೆ ಇದೇ. ಜೊತೆಗೆ ವರ್ಷಕ್ಕೊಮ್ಮೆ ದಾನಿಗೊಂದು ಲೆಕ್ಕದ ಕಾಗದ ಹೋಗಬೇಕು: ನಿಮ್ಮ ಹಣದಿಂದ ಈ ವರ್ಷ ಇಷ್ಟು ಮಕ್ಕಳ ಶುಲ್ಕ ಕಟ್ಟಿದೆವು, ಇಷ್ಟು ಪುಸ್ತಕ ಕೊಂಡೆವು. ಆದಾಯ ತೆರಿಗೆ ರಿಯಾಯಿತಿಯ ರಸೀದಿ ಕಾನೂನಿನ ಕಾಗದ, ಅದೂ ಬೇಕು (2,000 ರೂಪಾಯಿ ಮೀರಿದ ನಗದಿಗೆ ಆ ರಿಯಾಯಿತಿ ಸಿಗುವುದಿಲ್ಲ ಎಂಬುದನ್ನು ದಾನಿಗಳಿಗೆ ಮೊದಲೇ ತಿಳಿಸುವುದು ಸಂಸ್ಥೆಯ ಕೆಲಸ). ಆದರೆ ಶುಲ್ಕ ಕಟ್ಟಿಸಿಕೊಂಡು ಓದಿದ ಹುಡುಗಿಯೇ ಕೈಯಾರೆ ಬರೆದ ನಾಲ್ಕು ಸಾಲಿನ ತೂಕ ಯಾವ ಫಲಕಕ್ಕೂ ಇಲ್ಲ.

ಜಮಖಂಡಿಯನ್ನು ಕೇಂದ್ರ ಮಾಡಿಕೊಂಡ ಬಾಗಲಕೋಟೆ ವಿಶ್ವವಿದ್ಯಾಲಯ ಇನ್ನೂ ಎಳೆಯ ಕೂಸು. 2025ರಲ್ಲಿ ಸರ್ಕಾರದ ಮಟ್ಟದಲ್ಲಿ ಹಣವಿಲ್ಲದ ಕಾರಣಕ್ಕೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ನಮ್ಮ ಭಾಗದಲ್ಲಿ ಅನೇಕರಿಗೆ ಎದೆ ಝಲ್ಲೆಂದಿತು. ಸರ್ಕಾರಿ ವಿಶ್ವವಿದ್ಯಾಲಯವನ್ನು ನಡೆಸುವುದು ಸರ್ಕಾರದ ಹೊಣೆ, ದಾನ ಅದಕ್ಕೆ ಬದಲಿಯಲ್ಲ. ಆದರೆ ಜಿಲ್ಲೆಯ ಜನ ತಮ್ಮದೆಂದು ಕೈಹಾಕಿದ ಸಂಸ್ಥೆಯನ್ನು ಮುಚ್ಚುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಹಾಗೆ ಕೈಹಾಕಿದವರು ದೂರವೇನಿಲ್ಲ: ಪಕ್ಕದ ಕೊಪ್ಪಳ ಜಿಲ್ಲೆಯ ಕುಣಿಕೇರಿಯಲ್ಲಿ ಹುಚ್ಚಮ್ಮ ಚೌದ್ರಿ ಎಂಬ ಹೆಣ್ಣುಮಗಳು ತಮ್ಮ ಪಾಲಿನ ಎರಡು ಎಕರೆ ಹೊಲವನ್ನು ಸರ್ಕಾರಿ ಶಾಲೆಗೆ ಬಿಟ್ಟುಕೊಟ್ಟು, ಅದೇ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದರು. ರಾಜ್ಯೋತ್ಸವ ಪ್ರಶಸ್ತಿ ಆಮೇಲೆ ಬಂತು. ಅದಕ್ಕೂ ಮುಂಚೆ, ದಿನವೂ ಮಧ್ಯಾಹ್ನ ತಟ್ಟೆ ಹಿಡಿದು ಬರುವ ಮಕ್ಕಳು ಅವರನ್ನು ಅಜ್ಜಿ ಎಂದು ಕರೆಯುತ್ತಿದ್ದರು.

ನಾನು ಓದಿದ ಕಡೆ ಹಳೆಯ ಕೋಣೆಗಳನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸಿದಾಗ ಗೋಡೆಯಲ್ಲಿದ್ದ ದಾನಿಗಳ ಶಿಲಾಫಲಕಗಳನ್ನು ಕಿತ್ತು ಹಿಂದಿನ ಅಂಗಳದಲ್ಲಿ ರಾಶಿ ಹಾಕಿದ್ದರು. ಒಂದು ಕಲ್ಲು ನೀರಿನ ತೊಟ್ಟಿಯ ಮುಚ್ಚಳವಾಗಿತ್ತು, ಅಕ್ಷರಗಳು ಕೆಳಮುಖವಾಗಿ. ಅದನ್ನು ಹೊರಳಿಸಿ ಓದುವಷ್ಟು ಶಕ್ತಿ ನನ್ನೊಬ್ಬನಿಗೆ ಇರಲಿಲ್ಲ. ಯಾರ ಹೆಸರೋ ಎಂದುಕೊಳ್ಳುತ್ತ ಊರಿಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಒಳಗೆ ಹೋಗಿ ಅಜ್ಜನ ಟ್ರಂಕು ತೆಗೆದು, ಹಳದಿಗಟ್ಟಿದ ಕಾಗದಗಳ ಒಂದು ಕಟ್ಟು ತಂದಿಟ್ಟಳು. ಎಲ್ಲವೂ ಅಡತಿ ಅಂಗಡಿಯ ಹಳೆಯ ಪಟ್ಟಿಗಳು, ಇನ್ನೂ ಆಣೆಯ ಲೆಕ್ಕದ ಕಾಲದವು. ಶೇಂಗಾ ಇಷ್ಟು ಚೀಲ, ಹಮಾಲಿ ಇಷ್ಟು, ತೂಕ ಇಷ್ಟು. ಒಂದರ ಕೊನೆಗೆ, ಶಾಯಿ ಹರಡಿದ ಮೋಡಿ ಕೈಬರಹದಲ್ಲಿ, ‘ಕಾಲೇಜ ಫಂಡು, 1 ರೂ. 4 ಆಣೆ’ ಎಂದಿತ್ತು.

“ನಿಮ್ಮಜ್ಜ ಓದು ಕಂಡಾವಲ್ಲ. ಕಾಲೇಜು ಹೆಂಗಿರತೈತಿ ಅಂತನೂ ನೋಡಿದ್ದಿಲ್ಲ,” ಅಂದಳು ಅವ್ವ.

ಆ ಪಟ್ಟಿಯ ಝೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಬರುವ ಸೋಮವಾರ ಕಾಲೇಜಿನ ಗ್ರಂಥಪಾಲಕರಿಗೆ ಕೊಟ್ಟು, ಅಂಥ ಪಟ್ಟಿಗಳು ಇನ್ನೂ ಯಾರ ಮನೆಯ ಟ್ರಂಕಿನಲ್ಲಿವೆ ಎಂದು ವಿದ್ಯಾರ್ಥಿಗಳಿಂದ ಕೇಳಿಸುವಂತೆ ವಿನಂತಿಸಬೇಕು. ತೊಟ್ಟಿಯ ಮೇಲಿನ ಕಲ್ಲನ್ನು ಹೊರಳಿಸಲು ಅವರಲ್ಲಿ ನಾಲ್ಕು ಜನ ಹುಡುಗರನ್ನು ಜೊತೆಗೆ ಕಳಿಸಿ ಎಂದೂ ಕೇಳಬೇಕು.